ಹಾಲುಹಲ್ಲಿನ ತಲೆಗೆ ಕಟ್ಟಿದ್ದು

ಎಂಟು ತಿಂಗಳ ಕೂಸಿಗೆ ಮೈ ಬೆಚ್ಚಗಾದರೆ ಸಾಕು, "ಹಲ್ಲು ಬರ್ತಿದೆ ಕಣೇ, ಅದಕ್ಕೇ" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ. ಭೇದಿಯಾದರೆ ಹಲ್ಲು. ರಾತ್ರಿಯೆಲ್ಲ ಅತ್ತರೆ ಹಲ್ಲು. ರಾಗಿ ಸರಿಯನ್ನು ಉಗಿದರೆ, ಕಿವಿ ಎಳೆದುಕೊಂಡರೆ, ಸುಮ್ಮಸುಮ್ಮನೆ ರಚ್ಚೆ ಹಿಡಿದರೆ ಎಲ್ಲಕ್ಕೂ ಅದೇ ಹಲ್ಲು. ಈ ರೋಗನಿರ್ಣಯ ಎಂದೂ ಸುಳ್ಳಾಗುವುದಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಆರನೇ ತಿಂಗಳಿಂದ ಎರಡೂವರೆ ವರ್ಷದೊಳಗೆ ಇಪ್ಪತ್ತು ಹಾಲುಹಲ್ಲು ಮೂಡಬೇಕು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ತಿಂಗಳಿಗೊಂದು. ಹಾಗಿರುವಾಗ ಮಗುವಿಗೆ ಯಾವತ್ತು ಏನೇ ಆಗಲಿ, ನಾಲ್ಕು ದಿನ ಹಿಂದೆಯೋ ಮುಂದೆಯೋ ಒಂದು ಹಲ್ಲು ಸಿಕ್ಕೇ ಸಿಗುತ್ತದೆ.

ಅಜ್ಜಿಯರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಹಲ್ಲು ಮೂಡುವ ಮಕ್ಕಳಿಗೆ ವಸಡು ತುರಿಕೆ, ಜ್ವರ, ಫಿಟ್ಸ್, ಭೇದಿ ಬರುತ್ತವೆ, ಕೋರೆಹಲ್ಲಿನ ಹೊತ್ತಿಗಂತೂ ಇನ್ನೂ ಹೆಚ್ಚು ಎಂದು ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನ ಸೂತ್ರಗಳಲ್ಲೇ ಇದೆ. ನಮ್ಮ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದಕ್ಕೇ ಒಂದು ಅಧ್ಯಾಯ ಮೀಸಲು. ವಾಗ್ಭಟನ ಅಷ್ಟಾಂಗಹೃದಯವೂ ದಂತೋದ್ಭೇದವನ್ನು, ಅಂದರೆ ಹಲ್ಲು ಮೂಡುವುದನ್ನು, ಎಲ್ಲ ರೋಗಗಳಿಗೂ ಕಾರಣ ಎಂದೇ ಕರೆಯುತ್ತದೆ. ಆದರೆ ಅಲ್ಲಿ ಜೊತೆಗೇ ಇನ್ನೊಂದು ಎಚ್ಚರಿಕೆಯೂ ಇದೆ. ಹಲ್ಲಿನಿಂದ ಬಂದ ತೊಂದರೆಗೆ ಮಗುವನ್ನು ಪಥ್ಯ, ಕಟ್ಟುಪಾಡು ಎಂದು ಅತಿಯಾಗಿ ಬಿಗಿಯಬೇಡಿ, ಹಲ್ಲು ಬಂದಮೇಲೆ ಅವು ತಾವಾಗಿಯೇ ಇಳಿಯುತ್ತವೆ ಎನ್ನುತ್ತದೆ ಆ ಗ್ರಂಥ. ಯುರೋಪಿನ ವೈದ್ಯರು ಇಷ್ಟು ತಾಳ್ಮೆ ತೋರಿಸಿದ್ದರೆ ಎಷ್ಟೋ ಮಕ್ಕಳು ಬದುಕುತ್ತಿದ್ದವು.

ಅಲ್ಲಿ ಹಲ್ಲು ಬರುವುದು ಸಾವಿನ ಕಾರಣವಾಗಿ ಸರ್ಕಾರಿ ದಾಖಲೆಗೇ ಏರಿತ್ತು. ಇಂಗ್ಲೆಂಡಿನ ರಿಜಿಸ್ಟ್ರಾರ್ ಜನರಲ್ 1842ರಲ್ಲಿ ಕೊಟ್ಟ ವರದಿಯ ಪ್ರಕಾರ, ಲಂಡನ್ನಿನಲ್ಲಿ ವರ್ಷ ತುಂಬುವ ಮೊದಲೇ ಸತ್ತ ಶಿಶುಗಳಲ್ಲಿ ಶೇ. 4.8ರಷ್ಟು ಸತ್ತದ್ದು ಹಲ್ಲು ಬಂದು. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಆ ಪಾಲು ಶೇ. 7.3. ಆ ಮಕ್ಕಳನ್ನು ನಿಜವಾಗಿ ಕೊಂದದ್ದು ಭೇದಿಯೋ, ನ್ಯುಮೋನಿಯಾವೋ, ಮಿದುಳು ಜ್ವರವೋ ಇರಬೇಕು. ಬಾಯಿ ತೆರೆದು ನೋಡಿದರೆ ವಸಡು ಊದಿಕೊಂಡು ಕಂಡಿತು, ಅಲ್ಲಿಗೆ ವಿಚಾರಣೆ ಮುಗಿಯಿತು.

ಹಲ್ಲು ವಸಡನ್ನು ಸೀಳಿಕೊಂಡು ಬರುತ್ತದೆ ಎಂಬ ಕಲ್ಪನೆ ಈ ಎಲ್ಲದರ ಬೇರು. ಒಳಗಿಂದ ಚೂಪಾದದ್ದೊಂದು ಒತ್ತುತ್ತದೆ, ಮೇಲಿನ ಚರ್ಮ ಹರಿಯುತ್ತದೆ, ಹಾಗಾಗಿ ನೋವು, ಜ್ವರ. ಕೇಳಲು ಸರಿಯಾಗಿಯೇ ಇದೆ. ನಡೆಯುವುದು ಬೇರೆಯೇ.

ಹಾಲುಹಲ್ಲಿನ ಮೊದಲ ಮೊಗ್ಗು ಭ್ರೂಣಕ್ಕೆ ಆರು ವಾರವಾಗುವ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ. ಬಸುರಿಗೆ ನಾಲ್ಕನೇ ತಿಂಗಳು ನಡೆಯುವಾಗ ಅದರಲ್ಲಿ ಸುಣ್ಣದಂಶ ಕೂಡತೊಡಗುತ್ತದೆ. ಹೆರಿಗೆಯ ಹೊತ್ತಿಗೆ ಮುಂದಿನ ಬಾಚಿಹಲ್ಲುಗಳ ತಲೆಭಾಗ ಬಹುತೇಕ ಸಿದ್ಧವಾಗಿ ದವಡೆಯೊಳಗೆ ಕೂತಿರುತ್ತದೆ. ಹುಟ್ಟು ಎನ್ನುವುದು ಶರೀರಕ್ಕೆ ಎಂಥ ಆಘಾತವೆಂದರೆ, ಆ ಕೆಲದಿನ ಎನಾಮೆಲ್ ಕಟ್ಟುವ ಕೆಲಸ ಏರುಪೇರಾಗಿ ಅಲ್ಲೊಂದು ಸಣ್ಣ ಗೆರೆ ಉಳಿಯುತ್ತದೆ. ಬಿದ್ದ ಹಾಲುಹಲ್ಲನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಆ ಗೆರೆ ಕಾಣುತ್ತದೆ. ಅದರ ಒಳಗಿನದು ತಾಯಿಯ ಹೊಟ್ಟೆಯಲ್ಲಿ ಕಟ್ಟಿದ್ದು, ಹೊರಗಿನದು ಹುಟ್ಟಿದ ಮೇಲಿನದು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ ಹನ್ನೆರಡು ವರ್ಷ ಮಕ್ಕಳ ಬಿದ್ದ ಹಲ್ಲುಗಳನ್ನು ಲಕ್ಷಗಟ್ಟಲೆ ಸಂಗ್ರಹಿಸಿದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಸ್ಟ್ರಾಂಷಿಯಂ-90, ಕ್ಯಾಲ್ಸಿಯಂನ ಜಾಗದಲ್ಲಿ ಕೂತು ಆ ಹಲ್ಲುಗಳೊಳಗೆ ಹೊಕ್ಕಿರುವುದು ಅದರಿಂದ ಜಗತ್ತಿಗೆ ತಿಳಿಯಿತು.

ಸಿದ್ಧವಾದ ಹಲ್ಲು ಮೇಲೆ ಬರಲು ದಾರಿ ಬೇಕು. ಆ ದಾರಿಯನ್ನು ಮಾಡಿಕೊಡುವುದು ಹಲ್ಲಲ್ಲ, ಅದನ್ನು ಸುತ್ತಿಕೊಂಡಿರುವ ಫಾಲಿಕಲ್ ಎಂಬ ತೆಳು ಚೀಲ. ಅಮೆರಿಕದ ಕಾಹಿಲ್ ಮತ್ತು ಮಾರ್ಕ್ಸ್ ಎಂಬಿಬ್ಬರು 1980ರ ದಶಕದಲ್ಲಿ ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ಮೂಡಲಿದ್ದ ಹಲ್ಲನ್ನು ತೆಗೆದು, ಚೀಲವನ್ನು ಹಾಗೇ ಉಳಿಸಿ, ಒಳಗೆ ಅದೇ ಆಕಾರದ ಲೋಹದ ತುಂಡೊಂದನ್ನಿಟ್ಟು ಹೊಲಿದರು. ಕಾಲ ಬಂದಾಗ ಲೋಹದ ಆ ತುಂಡೂ ಹಲ್ಲಿನಂತೆಯೇ ವಸಡಿನಿಂದ ಹೊರಬಂತು! ಚೀಲವನ್ನೇ ತೆಗೆದುಹಾಕಿದರೆ ಒಳ್ಳೆಯ ಹಲ್ಲೂ ಮೇಲೇಳಲಿಲ್ಲ. ಈ ಚೀಲ ಕೊಡುವ ರಾಸಾಯನಿಕ ಸೂಚನೆಗೆ ಮೂಳೆ ಕರಗಿಸುವ ಜೀವಕೋಶಗಳು ಬಂದು ಮೇಲ್ಭಾಗದ ಮೂಳೆಯನ್ನು ತೆರವು ಮಾಡುತ್ತವೆ, ತಳದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಮೇಲಿನ ವಸಡೂ ಹಲ್ಲು ತಲುಪುವ ಹೊತ್ತಿಗೆ ತಾನಾಗಿ ತೆಳುವಾಗಿ ಬಿಟ್ಟುಕೊಡುತ್ತದೆ. ಅಲ್ಲಿ ಒಂದಿಷ್ಟು ಉರಿಯೂತ ಇರುತ್ತದೆ, ಕೆಂಪಾಗುತ್ತದೆ, ನವೆಯಾಗುತ್ತದೆ, ಮಗುವಿಗೆ ಕಿರಿಕಿರಿಯಾಗುತ್ತದೆ. ಆದರೆ ಸೀಳುವಿಕೆ ಇಲ್ಲ, ಗಾಯವಿಲ್ಲ.

ಸೀಳುವ ಕೆಲಸ ಮಾಡಿದವರು ವೈದ್ಯರು. ಹದಿನಾರನೇ ಶತಮಾನದ ಫ್ರಾನ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ, ಸತ್ತ ಎಂಟು ತಿಂಗಳ ಮಗುವೊಂದರ ವಸಡು ಕೊಯ್ದು ನೋಡಿದ. ಒಳಗೆ ಹಲ್ಲುಗಳು ಸಾಲಾಗಿ ಸಿದ್ಧವಾಗಿದ್ದವು. ಬದುಕಿದ್ದಾಗಲೇ ಕೊಯ್ದಿದ್ದರೆ ಮಗು ಉಳಿಯುತ್ತಿತ್ತು ಎಂದು ತೀರ್ಮಾನಿಸಿದ. ಎಂಟು ತಿಂಗಳ ಯಾವ ಮಗುವಿನ ವಸಡು ಕೊಯ್ದರೂ ಅದೇ ದೃಶ್ಯ ಕಾಣುತ್ತಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಅಲ್ಲಿಂದ ಮುಂದೆ ಮುನ್ನೂರು ವರ್ಷಕ್ಕೂ ಮಿಕ್ಕಿ ಚಿಕ್ಕ ಮಕ್ಕಳ ವಸಡಿಗೆ ಚೂರಿ ತಾಗಿಸುವುದು ಒಪ್ಪಿತ ಚಿಕಿತ್ಸೆಯಾಗಿತ್ತು.

ಚೂರಿಗಿಂತ ಪುಡಿ, ಸಿರಪ್ಪುಗಳೇ ಇನ್ನೂ ಕೆಟ್ಟವು. ಅಮೆರಿಕದಲ್ಲಿ 1849ರಲ್ಲಿ ಮಾರಾಟ ಶುರುವಾದ ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್ ಹಲ್ಲು ಬರುವ ಮಕ್ಕಳನ್ನು ನಿಜಕ್ಕೂ ಸುಮ್ಮನಾಗಿಸುತ್ತಿತ್ತು, ಏಕೆಂದರೆ ಅದರಲ್ಲಿದ್ದದ್ದು ಮಾರ್ಫಿನ್. ಬ್ರಿಟನ್ನಿನಲ್ಲಿ ಹಲ್ಲಿನ ಪುಡಿ ಎಂದು ಮಾರುತ್ತಿದ್ದುದರಲ್ಲಿ ಕ್ಯಾಲೊಮೆಲ್ ಎಂಬ ಪಾದರಸದ ಲವಣವಿತ್ತು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿಯ ಮಕ್ಕಳಿಗೆ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಬೆಳಕು ನೋಡಲಾಗದೆ ನರಳುವ ರೋಗವೊಂದು ಬರುತ್ತಿತ್ತು. ಅದಕ್ಕೆ ಪಿಂಕ್ ಡಿಸೀಸ್ ಎಂದು ಹೆಸರು. ಸಿನ್ಸಿನಾಟಿಯ ಜೋಸೆಫ್ ವಾರ್ಕನಿ ಮತ್ತು ಸಹೋದ್ಯೋಗಿಗಳು 1940ರ ದಶಕದಲ್ಲಿ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಕಂಡರು. ಬ್ರಿಟನ್ನಿನ ತಯಾರಕರು 1954ರಲ್ಲಿ ಪುಡಿಯಿಂದ ಕ್ಯಾಲೊಮೆಲ್ ತೆಗೆದರು. ಕೆಲವೇ ವರ್ಷಗಳಲ್ಲಿ ರೋಗವೇ ಹೆಚ್ಚುಕಡಿಮೆ ಕಾಣೆಯಾಯಿತು. ಹಲ್ಲಿನ ತಲೆಗೆ ಕಟ್ಟಿದ್ದ ಸಾವುಗಳಲ್ಲಿ ಎಷ್ಟು ಔಷಧದ ಪಾಲಿಗೆ ಸೇರಬೇಕು ಎಂಬ ಲೆಕ್ಕ ಯಾರಿಗೂ ಸಿಗುವಂಥದಲ್ಲ.

ಇದೆಲ್ಲ ಹಳೆಯ ಕಥೆ ಎಂದು ಸಮಾಧಾನಪಡುವಂತಿಲ್ಲ. ವಸಡಿಗೆ ಹಚ್ಚುವ ಬೆಂಜೊಕೇನ್ ಜೆಲ್ಲನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಂದಿಸಬಲ್ಲದು. ಹಲ್ಲು ಸುಲಭವಾಗಿ ಬರಲೆಂದು ಕೊರಳಿಗೆ ಹಾಕುವ ಆಂಬರ್ ಮಣಿಸರವೂ ಅದೇ ವರ್ಷ ಎಚ್ಚರಿಕೆಯ ಪಟ್ಟಿ ಸೇರಿತು. ಹದಿನೆಂಟು ತಿಂಗಳ ಮಗುವೊಂದು ಮಲಗಿದ್ದಾಗ ಆ ಸರ ಕೊರಳಿಗೆ ಬಿಗಿದು ಸತ್ತಿತ್ತು. ಇಂಥ ಸರಗಳನ್ನು ಈಗ ನಮ್ಮಲ್ಲೂ ಆನ್‌ಲೈನಿನಲ್ಲಿ ಕೊಳ್ಳಬಹುದು.

ಹಾಗಾದರೆ ಹಲ್ಲು ಮಾಡುವುದಾದರೂ ಏನು? ಇದನ್ನು ತಾಯಂದಿರ ನೆನಪಿನ ಮೇಲೆ ಬಿಡದೆ ದಿನದಿನವೂ ಬರೆದಿಟ್ಟು ನೋಡಿದ ಅಧ್ಯಯನ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನಡೆದು 2000ದಲ್ಲಿ ಪ್ರಕಟವಾಯಿತು. 125 ಮಕ್ಕಳು, 475 ಹಲ್ಲುಗಳು. ದಿನಕ್ಕೆ ಎರಡು ಸಲ ಮೈಬಿಸಿ ಅಳೆಯುವುದು, ಯಾವ ದಿನ ಯಾವ ಲಕ್ಷಣ ಎಂದು ಗುರುತು ಹಾಕುವುದು, ಹಲ್ಲು ಕಂಡ ದಿನವನ್ನೂ ದಾಖಲಿಸುವುದು. ಹಲ್ಲು ಮೂಡುವ ನಾಲ್ಕು ದಿನ ಮೊದಲಿಂದ ಮೂರು ದಿನ ನಂತರದವರೆಗಿನ ಎಂಟು ದಿನಗಳಲ್ಲಿ ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ಕಿರಿಕಿರಿ, ಎಚ್ಚರಾಗುವುದು, ಗಟ್ಟಿ ಆಹಾರ ಬೇಡವೆನ್ನುವುದು ಇವೆಲ್ಲ ಸ್ವಲ್ಪ ಹೆಚ್ಚಿದ್ದವು. ಮೈಬಿಸಿಯೂ ತುಸು ಏರಿತ್ತು, ಆದರೆ ಜ್ವರ ಎನ್ನುವ ಮಟ್ಟಕ್ಕಲ್ಲ. ಇವುಗಳಲ್ಲಿ ಯಾವ ಒಂದು ಲಕ್ಷಣವೂ ಶೇ. 35ಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣಲಿಲ್ಲ. ಅಂದರೆ ಲಕ್ಷಣ ನೋಡಿ ಹಲ್ಲು ಬರುತ್ತಿದೆ ಎಂದು ಹೇಳುವುದೇ ಆಗದ ಮಾತು. ಅದೇ ವರ್ಷ ಮೆಲ್ಬರ್ನಿನಲ್ಲಿ 21 ಮಕ್ಕಳನ್ನು ಹೀಗೆಯೇ ಗಮನಿಸಿದಾಗ ಹಲ್ಲಿಗೂ ಜ್ವರಕ್ಕೂ ಸಂಬಂಧ ಸಿಗಲಿಲ್ಲ. ತಮಾಷೆಯೆಂದರೆ, ಅಧ್ಯಯನ ಮುಗಿದ ಮೇಲೂ ಆ ಮಕ್ಕಳ ಅಪ್ಪ ಅಮ್ಮಂದಿರು ನಮ್ಮ ಮಗುವಿಗಂತೂ ಹಲ್ಲಿನಿಂದ ತೊಂದರೆಯಾಯಿತು ಎಂದೇ ನಂಬಿದ್ದರು.

ನಂಬಿಕೆಗೆ ಕಾರಣವಿದೆ. ಕೆಳಗಿನ ಎರಡು ಬಾಚಿಹಲ್ಲು ಇಣುಕುವ ಆರು-ಹತ್ತು ತಿಂಗಳ ಅವಧಿಯಲ್ಲೇ ಮಗುವಿನ ಬದುಕಿನಲ್ಲಿ ಇನ್ನೂ ಮೂರು ದೊಡ್ಡ ಬದಲಾವಣೆ ಆಗುತ್ತವೆ. ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಿಂದ ಪಡೆದ ಪ್ರತಿಕಾಯಗಳು ಅಷ್ಟು ಹೊತ್ತಿಗೆ ಕರಗಿರುತ್ತವೆ, ಮಗುವಿನದೇ ಆದವು ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ದಡಾರದ ಲಸಿಕೆಯನ್ನು ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳಿಗೆ ಬರೆದಿರುವುದರ ಹಿಂದೆಯೂ ಇದೇ ಲೆಕ್ಕಾಚಾರ. ತಾಯಿಯ ಪ್ರತಿಕಾಯ ಇರುವಾಗಲೇ ಕೊಟ್ಟರೆ ಅದು ಲಸಿಕೆಯನ್ನೇ ಅಡಗಿಸುತ್ತದೆ. ಎರಡನೆಯದಾಗಿ, ಎದೆಹಾಲೊಂದೇ ಕುಡಿಯುತ್ತಿದ್ದ ಮಗು ರಾಗಿ ಸರಿ, ಬಾಳೆಹಣ್ಣು, ಮೆತ್ತನೆ ಅನ್ನಕ್ಕೆ ಬರುತ್ತದೆ, ಜೊತೆಗೆ ಬಟ್ಟಲು, ಚಮಚ, ನೀರು ಎಲ್ಲದರ ಸೂಕ್ಷ್ಮಾಣುಗಳೂ ಬರುತ್ತವೆ. ಇನ್ನು ಅಂಬೆಗಾಲಿಡಲು ಕಲಿತ ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಭೇದಿಯಾಗಲು ಇಷ್ಟು ಸಾಲದೆ?

ಹಲ್ಲಿನ ಭೇದಿ ಎಂದು ಸುಮ್ಮನಿರುವುದು ಎಲ್ಲಕ್ಕಿಂತ ಅಪಾಯ. ಭೇದಿ ಮಗುವನ್ನು ಕೊಲ್ಲುವುದು ನೀರು ಹೋಗಿ, ಅದೂ ಬೇಗ. ಎದೆಹಾಲು ನಿಲ್ಲಿಸಬಾರದು. ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನ ಸತುವಿನ ಮಾತ್ರೆ 14 ದಿನ ಕೊಡಬೇಕು. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಆಸ್ಪತ್ರೆಗೆ ಹೋಗಬೇಕು. ಜ್ವರದ ಮಾತೂ ಅಷ್ಟೇ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದನ್ನು ಹಲ್ಲಿನ ಖಾತೆಗೆ ಬರೆಯುವಂತಿಲ್ಲ. ಕಿವಿಯ ಸೋಂಕು, ಮೂತ್ರದ ಸೋಂಕು ಇವೆಲ್ಲ ಈ ವಯಸ್ಸಿನಲ್ಲಿ ಸದ್ದಿಲ್ಲದೆ ಬರುವ ಕಾಯಿಲೆಗಳು. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೊಂದು ನೆನಪಿಡುವಂಥದು. ಹಲ್ಲಿನ ತೊಂದರೆ ಎಂದು ಕರೆತಂದ 20 ಶಿಶುಗಳ ಬಾಯಿಯ ಮಾದರಿ ಪರೀಕ್ಷಿಸಿದಾಗ 9 ಮಕ್ಕಳಲ್ಲಿ ಹರ್ಪಿಸ್ ವೈರಾಣು ಸಿಕ್ಕಿತು. ಕೆಂಪು ವಸಡು, ಜೊಲ್ಲು, ಊಟ ಬೇಡವೆನ್ನುವ ಹಟ ಎಲ್ಲವೂ ಆ ಸೋಂಕಿನಲ್ಲೂ ಇರುತ್ತವೆ.

ಜೊಲ್ಲಿನ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಎರಡು-ಮೂರು ತಿಂಗಳಿಗೇ ಜೊಲ್ಲು ಹೆಚ್ಚಾಗುತ್ತದೆ, ಆಗ ಹಲ್ಲು ಇನ್ನೂ ಬಹುದೂರ. ಲಾಲಾಗ್ರಂಥಿಗಳು ಚುರುಕಾಗಿರುತ್ತವೆ, ನುಂಗುವ ಕಲೆ ಇನ್ನೂ ಕೈಗೂಡಿರುವುದಿಲ್ಲ, ಅಷ್ಟೇ. ಅದೇ ಹೊತ್ತಿಗೆ ಮುಷ್ಟಿ ಬಾಯಿಗೆ ಹೋಗತೊಡಗುತ್ತದೆ. ಇದನ್ನೂ ನಾವು ಹಲ್ಲಿನ ತುರಿಕೆ ಎಂದೇ ಓದುತ್ತೇವೆ. ಆದರೆ ಕೈ ಇನ್ನೂ ಪಳಗಿರದ ಆ ವಯಸ್ಸಿನಲ್ಲಿ ವಸ್ತುವಿನ ಆಕಾರ, ಮೆದು-ಗಟ್ಟಿ, ನುಣುಪು-ಒರಟು ತಿಳಿಯುವ ಅತಿ ಸೂಕ್ಷ್ಮ ಅಂಗವೆಂದರೆ ತುಟಿ ಮತ್ತು ನಾಲಿಗೆಯೇ. ಮಗು ಕಚ್ಚುವುದಕ್ಕಿಂತ ಹೆಚ್ಚಾಗಿ ಪರೀಕ್ಷಿಸುತ್ತಿರುತ್ತದೆ.

ನಾಲಿಗೆಯ ಈ ಕೆಲಸ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ನನ್ನನ್ನು ಅತ್ಯಂತ ಬೆರಗಾಗಿಸಿದ ಸಂಗತಿ. ಕೆನಡಾದ ಜಾನೆಟ್ ವರ್ಕರ್ 1984ರಲ್ಲಿ ತೋರಿಸಿದ್ದು ಭಾಷಾವಿಜ್ಞಾನದಲ್ಲಿ ಈಗ ಪಾಠವಾಗಿದೆ. ಇಂಗ್ಲಿಷ್ ಮನೆಗಳ ಆರು-ಎಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಧ್ವನಿಗಳನ್ನು ಸಲೀಸಾಗಿ ಬೇರ್ಪಡಿಸುತ್ತವೆ. ಅವರ ಅಪ್ಪ ಅಮ್ಮಂದಿರಿಗೆ ಅದು ಕಷ್ಟ. ಆ ಮಕ್ಕಳೂ ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯವನ್ನು ಬಹುತೇಕ ಕಳೆದುಕೊಳ್ಳುತ್ತವೆ. ಕತ್ತು ಬೇರೆ ಕಟ್ಟು ಬೇರೆ, ಕಾದು ಬೇರೆ ಕಾಡು ಬೇರೆ ಎಂಬುದು ನಮ್ಮ ಮಕ್ಕಳಿಗೆ ಉಳಿಯುವುದು ಅವು ದಿನವೂ ಕೇಳುವುದರಿಂದ. ಇದೇ ವರ್ಕರ್ ಅವರ ತಂಡ ವ್ಯಾಂಕೂವರಿನಲ್ಲಿ ಇನ್ನೊಂದು ಪ್ರಯೋಗ ಮಾಡಿ 2015ರಲ್ಲಿ ಪ್ರಕಟಿಸಿತು. ಇಂಗ್ಲಿಷ್ ಮನೆಯ ಆರು ತಿಂಗಳ ಮಕ್ಕಳಿಗೆ ಹಿಂದಿಯ ದ ಮತ್ತು ಡ ಕೇಳಿಸಿದರು. ಎಂದಿನಂತೆ ಮಕ್ಕಳು ವ್ಯತ್ಯಾಸ ಹಿಡಿದವು. ಆಮೇಲೆ ಬೇರೆ ಮಕ್ಕಳ ಬಾಯಿಗೆ ಹಲ್ಲು ಬರುವಾಗ ಕಚ್ಚಲು ಕೊಡುವ ಚಪ್ಪಟೆ ಟೀದರನ್ನು ಹಿಡಿದರು, ನಾಲಿಗೆಯ ತುದಿ ಅಲ್ಲಾಡದ ಹಾಗೆ. ಆಗ ವ್ಯತ್ಯಾಸ ಹಿಡಿಯಲಾಗಲಿಲ್ಲ! ನಾಲಿಗೆಯನ್ನು ಅಡ್ಡಗಟ್ಟದ, ವಸಡಿನ ಮೇಲಷ್ಟೇ ಕೂರುವ ಇನ್ನೊಂದು ಟೀದರ್ ಕೊಟ್ಟಾಗ ಮತ್ತೆ ಹಿಡಿದವು. ದ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗುತ್ತದೆ, ಡ ಹೇಳುವಾಗ ಮಡಿಚಿ ಮೇಲೆ ಹೋಗುತ್ತದೆ. ಆ ಮಕ್ಕಳು ಈ ಎರಡರಲ್ಲಿ ಒಂದನ್ನೂ ಇನ್ನೂ ನುಡಿದಿಲ್ಲ, ಅವರ ಮನೆಯ ಭಾಷೆಯಲ್ಲಿ ಈ ಭೇದವೇ ಇಲ್ಲ. ಆದರೂ ಕಿವಿಯಿಂದ ಕೇಳುವುದಕ್ಕೆ ನಾಲಿಗೆ ಬಿಡುವಾಗಿರಬೇಕಾಯಿತು.

ಇದನ್ನು ಓದಿ ಮನೆಯ ಟೀದರನ್ನು ಕಸಕ್ಕೆ ಎಸೆಯಬೇಕಿಲ್ಲ. ಅರ್ಧ ಗಂಟೆ ಕಚ್ಚಿದರೆ ಮಾತು ಕೆಡುತ್ತದೆ ಎಂದು ಯಾರೂ ಹೇಳಿಲ್ಲ. ದಿನವಿಡೀ ಬಾಯಿಗೆ ಏನಾದರೊಂದು ತುರುಕಿ ಮಗುವನ್ನು ಸುಮ್ಮನಿರಿಸುವ ಅಭ್ಯಾಸದ ಬಗ್ಗೆ ಮಾತ್ರ ನನಗೆ ಅನುಮಾನ ಹುಟ್ಟಿದೆ. ವಿದೇಶದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರಿಗೆ ಇದಕ್ಕೆ ಹೊಂದಿಕೊಂಡ ಇನ್ನೊಂದು ಸುದ್ದಿಯಿದೆ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನೀ ಭಾಷೆಯನ್ನು ಹನ್ನೆರಡು ಬಾರಿ ಕೇಳಿಸಿದರು. ಎದುರಿಗೆ ಕೂತು ಆಡಿದವರಿಂದ ಮಕ್ಕಳು ಅದರ ಧ್ವನಿಭೇದ ಕಲಿತವು, ಅದನ್ನೇ ಪರದೆಯ ಮೇಲೆ ಕಂಡ ಮಕ್ಕಳು ಏನೂ ಕಲಿಯಲಿಲ್ಲ. ಕನ್ನಡ ಕಾರ್ಟೂನು ಹಚ್ಚಿಟ್ಟರೆ ಸಾಲದು, ಅಪ್ಪ ಅಮ್ಮನೇ ಮಾತಾಡಬೇಕು.

ಬೆಳವಣಿಗೆಯ ಮೈಲಿಗಲ್ಲುಗಳಿಗೂ ಹಲ್ಲಿಗೂ ಗಂಟು ಹಾಕುವವರಿದ್ದಾರೆ. ಹಲ್ಲು ತಡವಾದ ಮಗು ನಡೆಯುವುದೂ ತಡ, ಬುದ್ಧಿಯೂ ತಡ ಎನ್ನುತ್ತಾರೆ. ಹಲ್ಲು ಬರುವ ಕಾಲವನ್ನು ಬಹುಪಾಲು ನಿರ್ಧರಿಸುವುದು ವಂಶವಾಹಿಗಳು. ಅಪ್ಪನಿಗೋ ಅಮ್ಮನಿಗೋ ತಡವಾಗಿ ಬಂದಿದ್ದರೆ ಮಗುವಿಗೂ ಹಾಗೆಯೇ ಆಗಬಹುದು. ವರ್ಷ ತುಂಬಿದರೂ ಹಲ್ಲಿಲ್ಲದ ಆರೋಗ್ಯವಂತ ಮಕ್ಕಳಿದ್ದಾರೆ. ಒಂದೂವರೆ ವರ್ಷಕ್ಕೂ ಒಂದೂ ಕಾಣದಿದ್ದರೆ ಮಾತ್ರ ವೈದ್ಯರು ಥೈರಾಯ್ಡ್, ವಿಟಮಿನ್ ಡಿ ಕೊರತೆ ಇತ್ಯಾದಿ ನೋಡಬೇಕು. ನಡೆಯುವುದಕ್ಕೂ ಒಂದು ದಿನಾಂಕವಿಲ್ಲ, ಅವಧಿಯಿದೆ. ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ದೆಹಲಿಯ ಮಕ್ಕಳೂ ಸೇರಿದಂತೆ ಐದು ದೇಶಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಕೊಟ್ಟ ಲೆಕ್ಕದಲ್ಲಿ, ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ತಾನೇ ನಡೆಯುವುದು 8.2ರಿಂದ 17.6 ತಿಂಗಳು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ಓಡಾಡಿದ್ದೂ ಸರಿ, ನಮ್ಮದು ಹದಿನಾರಕ್ಕೆ ಹೆಜ್ಜೆಯಿಟ್ಟದ್ದೂ ಸರಿ. ಶೇ. 4.3ರಷ್ಟು ಮಕ್ಕಳು ಅಂಬೆಗಾಲೇ ಇಡಲಿಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆಯ ಬಗ್ಗೆ ಯಾವ ಅಧ್ಯಯನವೂ ಬೇಕಿಲ್ಲ, ಮಾವಂದಿರು ನೆಮ್ಮದಿಯಿಂದಿರಬಹುದು. ಹಲ್ಲಿಟ್ಟುಕೊಂಡೇ ಹುಟ್ಟುವ ಮಕ್ಕಳೂ ಎರಡು-ಮೂರು ಸಾವಿರಕ್ಕೊಂದು ಇರುತ್ತವೆ. ಅಂಥ ಹಲ್ಲು ಅಲ್ಲಾಡುತ್ತಿದ್ದರೆ, ಇಲ್ಲವೇ ನಾಲಿಗೆಯಡಿ ಹುಣ್ಣು ಮಾಡಿದರೆ ದಂತವೈದ್ಯರಿಗೆ ತೋರಿಸಬೇಕು. ಅದರಲ್ಲಿ ಅಪಶಕುನದ ಮಾತೇನೂ ಇಲ್ಲ.

ಕಿರಿಕಿರಿಗೆ ಮಾಡಬೇಕಾದದ್ದು ಕಡಿಮೆಯೇ. ತೊಳೆದ ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ ತೀಡಬಹುದು. ಒದ್ದೆ ಬಟ್ಟೆಯನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಕಚ್ಚಲು ಕೊಡಬಹುದು, ಐಸಿನಷ್ಟು ಗಟ್ಟಿ ಬೇಡ. ಚನ್ನಪಟ್ಟಣದ ಆಟಿಕೆ ಕೊಳ್ಳುವುದಾದರೆ ಅರಗು, ಸಸ್ಯಜನ್ಯ ಬಣ್ಣ ಹಚ್ಚಿದ್ದು, ನುಂಗುವಷ್ಟು ಚಿಕ್ಕ ಬಿಡಿಭಾಗ ಇಲ್ಲದ್ದು ನೋಡಿ ಕೊಳ್ಳಿ. ಬಣ್ಣ ಸುಲಿಯುವ ಅಗ್ಗದ ಆಟಿಕೆಯಲ್ಲಿ ಸೀಸ ಇರಬಹುದು. ಹಸಿ ಕ್ಯಾರೆಟ್ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ವಸಡಿಗೆ ಜೇನು ಸವರುವ ರೂಢಿ ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿ ಬಾಟ್ಯುಲಿಸಂ ಬೀಜಕಣಗಳಿರಬಹುದು. ಮಗು ತುಂಬ ನರಳಿದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಎಷ್ಟೆಂದು ವೈದ್ಯರನ್ನು ಕೇಳಬೇಕು.

ಹಲ್ಲು ಬರುವಾಗ ಇಷ್ಟು ಗದ್ದಲ ಮಾಡುವ ನಾವು ಬಂದಮೇಲೆ ಅದನ್ನು ಮರೆತೇಬಿಡುತ್ತೇವೆ. ಹೇಗೂ ಬೀಳುವ ಹಲ್ಲು ತಾನೇ ಎಂಬ ಉದಾಸೀನ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಗುವಿನ ಮೇಲಿನ ಬಾಚಿಹಲ್ಲುಗಳು ಎರಡು ವರ್ಷಕ್ಕೇ ಕಪ್ಪಾಗಿ ಮೊಟಕಾಗಬಲ್ಲವು. ಮೊದಲ ಹಲ್ಲು ಕಂಡಂದಿನಿಂದ ದಿನಕ್ಕೆರಡು ಸಲ ಮೆದು ಬ್ರಷ್ಷಿನಿಂದ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಬೇಕು. ಪಾವಗಡ, ಕೋಲಾರ, ರಾಯಚೂರಿನ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ, ಅಲ್ಲಿ ಪೇಸ್ಟಿನ ವಿಷಯ ದಂತವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮುಂದೆ ಬಾಳುವ ಶಾಶ್ವತ ಬಾಚಿಹಲ್ಲುಗಳ ಎನಾಮೆಲ್ ಹಾಲುಹಲ್ಲಿನ ಕೆಳಗೆ ಕಟ್ಟಿಕೊಳ್ಳುವುದು ಇದೇ ಮೊದಲ ನಾಲ್ಕು ವರ್ಷಗಳಲ್ಲಿ. ರಾಗಿ ಸರಿಗೆ ಹಾಕುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಆ ಹಲ್ಲುಗಳಲ್ಲಿ ಕಂದು ಕಲೆಯಾಗಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಾಢವಾಗುತ್ತದೆ. ಅಂಥ ಊರಿನಲ್ಲಿ ಮಗುವಿನ ಪಾತ್ರೆಗೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಬೇಕು.